ನಾರುಹುಳದ ಗುರುತು ಸಿಕ್ಕ ಕಥೆ



ಐಹೊಳೆಗೆ ಬರುವ ಪರಸ್ಥಳದವರು ದುರ್ಗಗುಡಿಯ ಮುಂದೆ ನಿಂತು, "ಇದು ದುರ್ಗಾದೇವಿಯ ಗುಡಿ" ಎಂದು ಕೈಮುಗಿಯುವುದುಂಟು. ನಿಜ ಬೇರೆ. ಗುಡಿಗೆ ಕೋಟೆಯ ಗೋಡೆ ಹತ್ತಿಕೊಂಡಿತ್ತು. ದುರ್ಗದ ಗುಡಿ ಎಂಬ ಹೆಸರು ಅದರಿಂದ ಬಂತು. ಅಲ್ಲೇ ಗುಡ್ಡದ ಮೇಲಿನ ಮೇಗುತಿ ಗುಡಿಯ ವಿಷಯದಲ್ಲಿ ಇಂಥ ಗೊಂದಲವಿಲ್ಲ. ಅದು ಯಾವಾಗಿನದು, ಕಟ್ಟಿಸಿದವನು ಯಾರು ಎಂಬುದನ್ನು ರವಿಕೀರ್ತಿಯು 634ರ ಸುಮಾರಿಗೆ ಕಲ್ಲಿನಲ್ಲಿ ಬರೆಸಿಟ್ಟಿದ್ದಾನೆ. ಹೆಸರು ಕೇಳಿ ಊಹೆ ಮಾಡುವುದು ಬೇರೆ. ಗುರುತು ಓದಿ ತಿಳಿಯುವುದು ಬೇರೆ. ರೋಗದ ಮಾತೂ ಹಾಗೇ ಅದ. ಊಹೆಯನ್ನು ಬಿಟ್ಟು ಗುರುತನ್ನು ಓದಿದ್ದರಿಂದ ನಮ್ಮ ಸೀಮೆಯಿಂದ ತೊಲಗಿದ ಒಂದು ರೋಗದ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡುತ್ತೇವೆ. ಅದು ನಾರುಹುಣ್ಣಿನ ಇತಿಹಾಸ.

ವಯಸ್ಸಾದ ಅಜ್ಜ ಅಜ್ಜಿಯರನ್ನು ಕೇಳಿ ನೋಡ್ರಿ, ಕೆಲವರಿಗಾದರೂ ನೆನಪಿದ್ದೀತು. ಮೊದಲು ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತಿತ್ತು. ಬೆಂಕಿ ಇಟ್ಟಂತೆ ಉರಿ. ಉರಿ ತಾಳದೆ ಮನುಷ್ಯ ಕಾಲನ್ನು ನೀರಿನಲ್ಲಿ ಇಳಿಬಿಡುತ್ತಿದ್ದ. ಬೊಬ್ಬೆ ಒಡೆದು, ಒಳಗಿನಿಂದ ಬಿಳಿಯ ದಾರದಂಥದು ತಲೆ ಹಾಕುತ್ತಿತ್ತು. ಅದರ ಉದ್ದ ಎರಡು ಮೂರು ಅಡಿ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯಬೇಕು. ಅವಸರಪಟ್ಟು ಎಳೆದರೆ ಹರಿಯುತ್ತಿತ್ತು. ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮನುಷ್ಯ ಹಾಸಿಗೆ ಹಿಡಿಯುತ್ತಿದ್ದ.

ಅದು ಬರುತ್ತಿದ್ದ ಕಾಲವಾದರೂ ಯಾವುದು? ಪಾವಟಿಗೆ ಬಾವಿಗಳ ನೀರು ತಳ ಕಾಣುವ ಬೇಸಿಗೆಯಲ್ಲಿ, ಯುಗಾದಿಯಿಂದ ಕಾರಹುಣ್ಣಿವೆಯ ಆಜೂಬಾಜು, ಇದರ ಹಾವಳಿ ಹೆಚ್ಚು. ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಒಕ್ಕಲಿಗ ಮೂಲೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದ. ಹೊಲದ ಹದ ಯಾರಿಗಾಗಿಯೂ ಕಾಯುವುದಿಲ್ಲ. ಆ ವರ್ಷದ ಬಿತ್ತಿಗೆ ತಪ್ಪಿದರೆ ಮನೆಮಂದಿಯ ಹೊಟ್ಟೆಗೆ ಕಲ್ಲು. ಈ ರೋಗದಿಂದ ಸಾಯುವವರು ಕಡಿಮೆ. ಆದರೆ ಕಣಜ ಬರಿದಾದ ಮನೆಗಳು ಬಹಳ.

ಇದರ ಹೆಸರನ್ನೇ ನೋಡಿರಿ. ಕಣ್ಣಿಗೆ ನಾರಿನಂತೆ ಕಂಡಿತು, ನಾರುಹುಣ್ಣು ಎಂದರು. ಪರದೇಶದವರು ಇದನ್ನು ಮದೀನಾದ ರಕ್ತನಾಳ ಎಂದರು. ಇದು ಜೀವವಿರುವ ಹುಳವೋ, ಕೊಳೆತು ಹೊರಬಂದ ನರವೋ ಎಂದು ಪಂಡಿತರು ಶತಮಾನಗಳ ಕಾಲ ವಾದ ಮಾಡಿದರು. ರೋಗ ಮಾತ್ರ ಬಹು ಹಳೆಯದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಾಚೀನ ಈಜಿಪ್ಟಿನ ಒಬ್ಬ ಹುಡುಗಿಯ ಒಣಗಿಸಿಟ್ಟ ಶವವನ್ನು 1975ರಲ್ಲಿ ಬಿಚ್ಚಿ ಪರೀಕ್ಷಿಸಿದಾಗ, ಅವಳ ಮೈಯಲ್ಲಿ ಸುಣ್ಣಗಟ್ಟಿದ ನಾರುಹುಳ ಕಂಡಿತು.

ವಾದ ಮುಗಿದದ್ದು ಗಾಜಿನ ಪಟ್ಟಿಯ ಮೇಲೆ. ಬೊಬ್ಬೆ ಒಡೆದ ಜಾಗಕ್ಕೆ ತಣ್ಣೀರು ಹನಿಸಿದರೆ ಹಾಲಿನಂಥ ದ್ರವ ಒಸರುತ್ತದೆ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಿಂದ ನೋಡಿದರೆ ನೂರಾರು ಮರಿಹುಳಗಳು ಉದ್ದ ಬಾಲ ಆಡಿಸುತ್ತ ಹೊರಳುತ್ತವೆ. ನರ ಮರಿ ಹಾಕೀತೆ? ಹುಳವೇ ಮರಿ ಹಾಕಬೇಕು. ಗುರುತು ಸಿಕ್ಕಿತು.

ಈ ಮರಿಗಳು ನೀರಿಗೆ ಬಿದ್ದು ಏನಾಗುತ್ತವೆ ಎಂಬುದನ್ನು 1870ರಲ್ಲಿ ಫೆಡ್ಚೆಂಕೋ ಎಂಬ ರಷ್ಯದ ವಿಜ್ಞಾನಿ ತುರ್ಕಿಸ್ತಾನದಲ್ಲಿ ಕಂಡ. ಬಾವಿ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಜೀವಿ ಇರುತ್ತದೆ. ಗಾತ್ರ ಗಸಗಸೆ ಕಾಳಿನಷ್ಟು. ಅದು ಮರಿಹುಳವನ್ನು ನುಂಗುತ್ತದೆ; ಸುಮಾರು ಎರಡು ವಾರದಲ್ಲಿ ಮರಿ ಅದರೊಳಗೆ ಬಲಿಯುತ್ತದೆ. ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಹುಳ ಪಾರಾಗಿ ಮೈಯೊಳಗೆ ಸೇರುತ್ತದೆ. ಹೆಣ್ಣುಹುಳ ಬೆಳೆದು ತೊಗಲಿಗೆ ಬರಲು ಸುಮಾರು ಒಂದು ವರ್ಷ. ಹೀಗಾಗಿ ಈ ಬೇಸಿಗೆಯಲ್ಲಿ ಕುಡಿದ ನೀರಿನ ಫಲ ಮುಂದಿನ ಬೇಸಿಗೆಯಲ್ಲಿ. ವರ್ಷದ ಹಿಂದಿನ ನೀರನ್ನು ಯಾರು ನೆನಪಿಟ್ಟಾರು? ಅದಕ್ಕೇ ಜನ ದೇವರ ಕಾಟ, ಶಾಪ ಎಂದು ತಿಳಿದರು.

ಈ ಶೋಧದಲ್ಲಿ ನಮ್ಮ ನಾಡಿನ ಪಾಲೂ ಇದೆ. 1930ರ ದಶಕದಲ್ಲಿ ಅಂದಿನ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿಯವರು, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸ್ವೀಟ್ ಅವರೊಡನೆ, ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಬಾವಿಯ ಸೈಕ್ಲಾಪ್ಸ್‌ಗಳನ್ನು ಹಿಡಿದು ಪರೀಕ್ಷಿಸಿ, ಅವುಗಳೊಳಗೆ ನಾರುಹುಳದ ಮರಿ ಇರುವುದನ್ನು ತೋರಿಸಿದರು. ಪಾವಟಿಗೆ ಬಾವಿಗಳಿಗೆ ಮೀನು ಬಿಟ್ಟು ಸೈಕ್ಲಾಪ್ಸ್ ತಿನ್ನಿಸುವ ಉಪಾಯವನ್ನೂ ಪ್ರಯೋಗಿಸಿ, 1936ರಲ್ಲಿ ಅದನ್ನು ಪ್ರಕಟಿಸಿದರು. ಹುಳದ ಅಂಗಾಂಗಗಳನ್ನು ಕೂಲಂಕಷವಾಗಿ ನೋಡಿ ಮೂರ್ತಿಯವರು 1937ರಲ್ಲಿ ಬರೆದ ವಿವರಣೆಯನ್ನು ಮುಂದೆ ಲೋಕದ ವಿಜ್ಞಾನಿಗಳು ಆಧಾರವಾಗಿ ಬಳಸಿದರು.

ಪಾವಟಿಗೆ ಬಾವಿಯ ಮೇಲೇಕೆ ಇಷ್ಟು ಕಣ್ಣು? ಹಗ್ಗದಿಂದ ಸೇದುವ ಬಾವಿಯಲ್ಲಿ ಮನುಷ್ಯನ ಕಾಲು ನೀರಿಗೆ ತಾಗುವುದಿಲ್ಲ. ಇಳಿದು ಕೊಡ ತುಂಬುವ ಬಾವಿಯಲ್ಲಿ ಹುಣ್ಣಿನ ಕಾಲೂ ಅಲ್ಲೇ, ಕುಡಿಯುವ ನೀರೂ ಅಲ್ಲೇ. ಬಾವಿ ಕಟ್ಟಿಸಿದವರ ಪುಣ್ಯಕ್ಕೆ ಕೊರತೆ ಇಲ್ಲ. ಹುಳದ ದಾರಿ ಮಾತ್ರ ಅವರಿಗೆ ತಿಳಿದಿರಲಿಲ್ಲ.

ದಾರಿ ತಿಳಿದ ಮೇಲೆ ಕಡಿಯುವುದು ಸಾಧ್ಯವಾಯಿತು. ಈ ರೋಗಕ್ಕೆ ಚುಚ್ಚುಮದ್ದಿಲ್ಲ, ಹುಳವನ್ನು ಒಳಗೇ ಕೊಲ್ಲುವ ಔಷಧವೂ ಇಲ್ಲ. 1983-84ರಲ್ಲಿ ಭಾರತ ಸರಕಾರ ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1984ರಲ್ಲಿ ಮನೆ ಮನೆ ತಿರುಗಿ ಎಣಿಸಿದಾಗ ದೇಶದಲ್ಲಿ ಸಿಕ್ಕ ರೋಗಿಗಳು ಸುಮಾರು 40 ಸಾವಿರ. ಕೊಳವೆ ಬಾವಿ ತೋಡಿಸಿದರು, ಪಾವಟಿಗೆ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ನೀರಿಗೆ ಔಷಧ ಹಾಕಿದರು. ನಮ್ಮ ಅಕ್ಕತಂಗಿಯರು ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಆಫ್ರಿಕಾದ ಕೆಲವು ದೇಶಗಳಲ್ಲಿ ಮಾತ್ರ ಅದು ಇನ್ನೂ ಪೂರ್ತಿ ಅಳಿದಿಲ್ಲ. ಚಾಡ್ ದೇಶದಲ್ಲಿ ನಾಯಿಗಳಿಗೂ ತಗಲಿದೆ.

"ರೋಗ ಹೋತು, ಕಥಿ ಮುಗೀತು" ಅಂತೀರೇನು? ಪೂರ್ತಿ ಮುಗಿದಿಲ್ಲ. ತೊಗಲಿನ ಕೆಳಗೆ ಮನೆ ಮಾಡುವ ಹುಳಗಳು ಬೇರೆಯೂ ಇವೆ. ನಾಯಿಯ ಮೈಯ ಒಂದು ಹುಳ ಸೊಳ್ಳೆಯ ಮೂಲಕ ಮನುಷ್ಯನಿಗೆ ಬಂದು, ತೊಗಲಿನ ಕೆಳಗೆ ಗಂಟಾಗಿಯೋ ಕಣ್ಣಿನ ಪೊರೆಯಡಿಯೋ ಕೂರುತ್ತದೆ; ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಇಂಥ ರೋಗಿಗಳು ಸಿಕ್ಕಿದ್ದಾರೆ. ಹಂದಿಯ ಲಾಡಿಹುಳದ ಮರಿಯೂ ಗಂಟಾಗಬಲ್ಲುದು. ಹೊರಗಿನಿಂದ ಕೈಯಾಡಿಸಿದರೆ ಎಲ್ಲ ಒಂದೇ ಗಂಟು. ಕೊಬ್ಬಿನ ಗಡ್ಡೆಯೂ ಅಂಥದೇ.

ಅದಕ್ಕೇ ವೈದ್ಯರು ಗಂಟನ್ನು ಕೊಯ್ದು ತೆಗೆದ ಮೇಲೆ ಎಸೆಯುವುದಿಲ್ಲ. ಫಾರ್ಮಾಲಿನ್ ದ್ರವದಲ್ಲಿ ಹಾಕಿ ಪ್ರಯೋಗಶಾಲೆಗೆ ಕಳಿಸುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ಅಲ್ಲಿ ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾದ ಪದರು ಪದರಾಗಿ ಕೊಯ್ದು, ನೀಲಿ ಮತ್ತು ಗುಲಾಬಿ ಬಣ್ಣ ಹಚ್ಚಿ ನೋಡುತ್ತಾರೆ. ಹುಳ ಸತ್ತಿದ್ದರೂ ಅದರ ಮೈಕಟ್ಟು ಸಾಕ್ಷಿ ಹೇಳುತ್ತದೆ. ನಾಯಿಯ ಹುಳದ ಹೊರಪೊರೆಯ ಮೇಲೆ ಸಾಲು ಸಾಲು ಏಣುಗಳು, ನೇಗಿಲ ಸಾಲಿನ ದಿಂಡಿನಂತೆ. ನಾರುಹುಳದ ಹೆಣ್ಣಿಗೆ ಒಡಲ ತುಂಬ ಮರಿ. ಲಾಡಿಹುಳದ ಮರಿಗೆ ನೀರುಗುಳ್ಳೆ, ಅದರೊಳಗೆ ಕೊಕ್ಕೆಗಳಿರುವ ಪುಟ್ಟ ತಲೆ. ಈ ಗುರುತು ಯಾವುದೆಂದು ತಿಳಿದರೆ ಔಷಧ ಬೇಕೋ ಬೇಡವೋ, ಮಿದುಳಿನ ಪರೀಕ್ಷೆ ಆಗಬೇಕೋ ಎಂಬುದು ತೀರ್ಮಾನವಾಗುತ್ತದೆ. ಲಾಡಿಹುಳದ ಮರಿ ತೊಗಲಿನಲ್ಲಿ ಸಿಕ್ಕರೆ ಮಿದುಳಲ್ಲೂ ಇರಬಹುದು. ಮೂರ್ಛೆ ರೋಗಕ್ಕೆ ಅದೇ ಕಾರಣವಾಗಬಹುದು.

ಆದ್ದರಿಂದ ಮನೆಯವರು ಇಷ್ಟನ್ನು ನೆನಪಿಡಿರಿ. ಗಂಟನ್ನು ಸೂಜಿಯಿಂದ ಚುಚ್ಚಬೇಡಿ, ಕಾಯಿಸಿ ಬರೆ ಹಾಕಬೇಡಿ. ತೊಗಲಿನಿಂದ ಹುಳ ತಾನಾಗಿ ಹೊರಬಂದರೆ ತಿಪ್ಪೆಗೆ ಎಸೆಯಬೇಡಿ. ಸ್ವಚ್ಛವಾದ ಸೀಸೆಯಲ್ಲಿ ಹಾಕಿ ಅಂದೇ ಆಸ್ಪತ್ರೆಗೆ ಒಯ್ಯಿರಿ. ಅರ್ಧ ಹೊರಬಂದಿದ್ದರೆ ಎಳೆಯಬೇಡಿ, ಆ ಕಾಲನ್ನು ಕೆರೆ ಬಾವಿಗೆ ಇಳಿಸಬೇಡಿ. ಗಂಟು ಕೊಯ್ಯಿಸಿಕೊಂಡವರು, "ಚೂರನ್ನು ಪರೀಕ್ಷೆಗೆ ಕಳಿಸಿದಿರೇನು, ಏನು ಬಂತು?" ಎಂದು ವೈದ್ಯರನ್ನು ಕೇಳಿರಿ. ಕೇಳುವುದರಲ್ಲಿ ಸಂಕೋಚ ಬೇಡ. ವರದಿಯ ಕಾಗದವನ್ನು ಹೊಲದ ಉತಾರದ ಜೊತೆಗೇ ಜೋಪಾನವಾಗಿ ಇಡಿರಿ.

ಗಾಜಿನ ಪಟ್ಟಿಯ ಮೇಲಿನ ಒಂದು ಹನಿಯನ್ನು ಓದಿದ್ದರಿಂದ ಸಾವಿರಾರು ಹಳ್ಳಿಗಳ ಬಿತ್ತಿಗೆ ಉಳಿಯಿತು. ನಿಮ್ಮ ಮನೆಯ ಒಂದು ಚೂರೂ ತಿಪ್ಪೆಯ ಪಾಲಾಗದಿರಲಿ.