ಕೊಟ್ರೇಶಿಗೆ ಸ್ಕ್ರಿಪ್ಟ್ ಬರೆದ ಮೇಷ್ಟ್ರು

ಭಾಗ 1/7

ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಕೊಟ್ರೇಶ್ ಇದಾರೆ? ನಮ್ಮ ಬಿ.ಕಾಂ ಕ್ಲಾಸಲ್ಲೇ ಇಬ್ಬರು. ಬಿಳಿಚೋಡು, ಜಗಳೂರು, ಉಜ್ಜಿನಿ ಕಡೆ ಈ ಹೆಸರಿಗೆ ಬರ ಇಲ್ಲ. ಕೊಟ್ಟೂರು ಬಸವೇಶ್ವರನಿಗೆ ಹರಕೆ ಹೊತ್ತು ಹುಟ್ಟಿದ ಮಗು ಅಂದ್ರೆ ಕೊಟ್ರೇಶಿ, ಕೊಟ್ರಪ್ಪ, ಕೊಟ್ರಮ್ಮ. ಜಾತ್ರೆ ಟೈಮಲ್ಲಿ ದಾವಣಗೆರೆ ಕಡೆಯಿಂದ ಕೊಟ್ಟೂರಿಗೆ ನಡ್ಕೊಂಡು ಹೋಗೋ ಜನಕ್ಕೆ ನೀವೂ ನೀರು, ಮಂಡಕ್ಕಿ ಕೊಟ್ಟಿರ್ತೀರಿ.

ಈ ಹೆಸರಿನ ಹುಡುಗನ ಮೇಲೆ ಒಂದು ಸಿನಿಮಾ ಇದೆ, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ ಅಂತ ನನಗೆ ಹೋದ ವರ್ಷದವರೆಗೂ ಗೊತ್ತಿರಲಿಲ್ಲ. 'ಕೊಟ್ರೇಶಿ ಕನಸು', 1994. ಕಥೆ ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪ ಅವರದ್ದು. ಅದನ್ನ ಸಿನಿಮಾ ಮಾಡಿದವರು ನಾಗತಿಹಳ್ಳಿ ಚಂದ್ರಶೇಖರ್. ನನಗೆ ಆಶ್ಚರ್ಯ ಆಗಿದ್ದು ಮುಂದಿನ ವಿಷಯಕ್ಕೆ. ಕಥೆ ಬರೆದ ಕುಂ.ವೀ. ಒಬ್ಬ ಸ್ಕೂಲ್ ಮೇಷ್ಟ್ರು. ಸಿನಿಮಾ ಮಾಡಿದ ನಾಗತಿಹಳ್ಳಿ ಯೂನಿವರ್ಸಿಟಿಯ ಕನ್ನಡ ಮೇಷ್ಟ್ರು.

ಅಂದ್ರೆ ಪಾಠ ಮಾಡ್ತಾನೇ ಬರೆದವರು. ಬರೆಯೋದನ್ನ ಬೇರೆಯವರಿಗೆ ಕಲಿಸಿದವರು. ಈ ಸೀರೀಸ್ ಎರಡನೆಯವರ ಬಗ್ಗೆ. ಕೊನೇ ಭಾಗದಲ್ಲಿ ನಿಮ್ಮ ಹತ್ರ ಒಂದು ಮಾತು ಕೇಳೋದಿದೆ, ಅದಕ್ಕೆ ಪೂರ್ತಿ ಓದಿ.

ಭಾಗ 2/7

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934. ಶೂಟಿಂಗ್ ಆಗಿದ್ದು ಕೊಲ್ಹಾಪುರದಲ್ಲಿ, ಯಾಕಂದ್ರೆ ನಮ್ಮಲ್ಲಿ ಸ್ಟುಡಿಯೋನೇ ಇರಲಿಲ್ಲ. ಅದಕ್ಕೆ ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ, ನಾಟಕ ಬರೀತಿದ್ದವರು. ಅಲ್ಲಿಂದ ಸುಮಾರು 30 ವರ್ಷ ಕನ್ನಡ ಸಿನಿಮಾ ಬರೆದವರಲ್ಲಿ ಹೆಚ್ಚಿನವರು ನಾಟಕ ಕಂಪನಿಯಿಂದಲೇ ಬಂದರು. ಜಿ.ವಿ. ಅಯ್ಯರ್, ಹುಣಸೂರು ಕೃಷ್ಣಮೂರ್ತಿ ಇವರೆಲ್ಲ ಗುಬ್ಬಿ ಕಂಪನಿ ನೀರು ಕುಡಿದವರು. 'ಬೇಡರ ಕಣ್ಣಪ್ಪ' (1954) ಬಂದಿದ್ದೂ ರಂಗದ ಮೇಲಿಂದಲೇ.

ಅವರಿಗೆ ಸ್ಕ್ರಿಪ್ಟ್ ಕಲಿಸೋ ಶಾಲೆ ಇತ್ತಾ? ಇಲ್ಲ. ಕಂಪನಿಯೇ ಶಾಲೆ. ಸಂಜೆ ನಾಟಕ ಆಡಿದಾಗ ಜನ ಎಲ್ಲಿ ನಕ್ಕರು, ಎಲ್ಲಿ ಎದ್ದು ಬೀಡಿ ಸೇದೋಕೆ ಹೋದರು ಅನ್ನೋದೇ ಮಾರ್ಕ್ಸ್ ಕಾರ್ಡ್. ಜನ ಎದ್ದು ಹೋದ ಕಡೆ ಮಾತು ತಿದ್ದಬೇಕು, ಅಷ್ಟೇ. ನಮ್ಮ ದಾವಣಗೆರೆಯಲ್ಲೂ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇತ್ತು. ನಮ್ಮ ಅಜ್ಜಿ ಈಗಲೂ ಚಿಂದೋಡಿ ಲೀಲಾ ಹೆಸರು ಹೇಳಿದ್ರೆ ಮುಖ ಅರಳಿಸ್ತಾಳೆ.

ಕಂಪನಿಗಳು ಒಂದೊಂದೇ ಸೊರಗಿದವು. ಅವುಗಳ ಜೊತೆ ಆ ಕಲಿಕೆಯೂ ಹೋಯ್ತು. ಹಾಗಾದ್ರೆ ಹಳ್ಳಿಯಿಂದ ಬಂದ, ಯಾರ ಪರಿಚಯನೂ ಇಲ್ಲದ ಹುಡುಗ ಅಥವಾ ಹುಡುಗಿ ಸಿನಿಮಾ ಬರೆಯೋದನ್ನ ಎಲ್ಲಿ ಕಲೀಬೇಕು? ಈ ಪ್ರಶ್ನೆ ತಲೇಲಿ ಇಟ್ಕೊಳಿ.

ಭಾಗ 3/7

ನಾಗತಿಹಳ್ಳಿ ಅನ್ನೋದು ಮನೆತನದ ಹೆಸರಲ್ಲ, ಊರಿನ ಹೆಸರು. ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಹಳ್ಳಿ. ಚಂದ್ರಶೇಖರ್ ಹುಟ್ಟಿದ್ದು 1958ರಲ್ಲಿ. ಮೈಸೂರಲ್ಲಿ ಕನ್ನಡ ಎಂ.ಎ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡೋಕೆ ಸೇರಿದರು.

ಪಾಠದ ಜೊತೆ ಸಣ್ಣಕಥೆ, ಕಾದಂಬರಿ, ಪ್ರವಾಸ ಕಥನ ಬರೆದರು. ಆಮೇಲೆ ಬೇರೆಯವರ ಸಿನಿಮಾಗಳಿಗೆ ಮಾತು, ಹಾಡು. 1992ರಲ್ಲಿ ತಮ್ಮದೇ ಕಥೆ ಇಟ್ಕೊಂಡು ಮೊದಲ ಸಲ ನಿರ್ದೇಶನ ಮಾಡಿದ್ರು: 'ಉಂಡೂ ಹೋದ ಕೊಂಡೂ ಹೋದ'. ಅನಂತನಾಗ್ ಹೀರೋ. ಹಳ್ಳಿಗೆ ಬಂದು ಎಲ್ಲರನ್ನೂ ನಂಬಿಸಿ ಮೋಸ ಮಾಡೋ ಮನುಷ್ಯನ ಕಥೆ. ಗಾದೆ ಮಾತನ್ನೇ ಟೈಟಲ್ ಮಾಡಿದ್ದು ನೋಡಿ, ಕನ್ನಡ ಮೇಷ್ಟ್ರು ಅಂತ ಅಲ್ಲೇ ಗೊತ್ತಾಗುತ್ತೆ.

ಮರುವರ್ಷ ತಮ್ಮ ಕಾದಂಬರಿ 'ಬಾ ನಲ್ಲೆ ಮಧುಚಂದ್ರಕೆ'ಯನ್ನೇ ಸಿನಿಮಾ ಮಾಡಿದರು. ಅದರ ಹೀರೋ ಕೆ. ಶಿವರಾಂ. ಕಾಂಪಿಟೇಟಿವ್ ಎಕ್ಸಾಂ ಓದ್ತಿರೋರಿಗೆ ಈ ಹೆಸರು ಗೊತ್ತಿರುತ್ತೆ, ಕನ್ನಡದಲ್ಲೇ ಐ.ಎ.ಎಸ್. ಪರೀಕ್ಷೆ ಬರೆದು ಪಾಸಾದವರಲ್ಲಿ ಮೊದಲಿಗರು.

ಇದೇ ಹೊತ್ತಿಗೆ ಅದೇ ಯೂನಿವರ್ಸಿಟಿಯಲ್ಲಿ ಇನ್ನೊಬ್ಬ ಕನ್ನಡ ಮೇಷ್ಟ್ರೂ ಸಿನಿಮಾ ಮಾಡ್ತಿದ್ದರು. ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪ. ಹಾಗಾಗಿ ಇದು ಒಬ್ಬರ ಹುಚ್ಚು ಮಾತ್ರ ಅಲ್ಲ. ನಾಟಕ ಕಂಪನಿ ಬಿಟ್ಟ ಜಾಗಕ್ಕೆ ನಿಧಾನವಾಗಿ ಕನ್ನಡ ವಿಭಾಗಗಳು ಬಂದವು ಅಂತ ನನಗೆ ಅನ್ಸುತ್ತೆ.

ಭಾಗ 4/7

ಈಗ ನಮ್ಮ ಕೊಟ್ರೇಶಿ.

ಕುಂ.ವೀ. ಕಥೆಯ ಹುಡುಗ ದಲಿತರ ಮನೆಯವನು. ಅವನಿಗೆ ಮುಂದೆ ಓದಬೇಕು. ಊರಿಗೆ ಅದು ಬೇಡ. ಒಂದೇ ಸಾಲಿನಲ್ಲಿ ಹೇಳಿದ್ರೆ ಇಷ್ಟೇ. ಆದರೆ ಇದನ್ನ ಸಿನಿಮಾಗೆ ಬರೆಯೋದು ಬೇರೆ ಕೆಲಸ, ಯಾಕೆ ಅಂತ ಹೇಳ್ತೀನಿ.

ಕಥೆಯಲ್ಲಿ "ಹುಡುಗನಿಗೆ ಓದೋ ಆಸೆ ಇತ್ತು" ಅಂತ ಬರೆದ್ರೆ ಮುಗೀತು. ಓದೋರು ನಂಬ್ತಾರೆ. ಆಸೆಯ ಫೋಟೋ ತೆಗೆಯೋಕೆ ಆಗುತ್ತಾ? ಆಗಲ್ಲ. ಕ್ಯಾಮೆರಾಗೆ ಕಾಣೋದು ಕೈ, ಕಣ್ಣು, ಚೀಲ, ಬಾಗಿಲು ಇಂಥವು ಮಾತ್ರ. ಹುಡುಗ ಹರಿದ ಪುಸ್ತಕಕ್ಕೆ ಅನ್ನದ ಅಗುಳಿಂದ ರಟ್ಟು ಅಂಟಿಸ್ತಿದ್ದಾನೆ ಅಂತ ತೋರಿಸಿದ್ರೆ ಆಸೆ ಕಾಣುತ್ತೆ. (ಇದು ನನ್ನ ಉದಾಹರಣೆ, ಸಿನಿಮಾದ್ದಲ್ಲ.) ಚಿತ್ರಕಥೆ ಅಂದ್ರೆ ಮನಸ್ಸಿನ ಒಳಗಿರೋದನ್ನ ಹೊರಗಿನ ಕೆಲಸವಾಗಿ ಬದಲಾಯಿಸೋದು. ನಮ್ಮ ಅಕೌಂಟ್ಸ್ ಭಾಷೆಲಿ ಹೇಳಬೇಕಂದ್ರೆ ವೋಚರ್ ಇಲ್ಲದೆ ಎಂಟ್ರಿ ಹಾಕೋ ಹಾಗಿಲ್ಲ.

'ಕೊಟ್ರೇಶಿ ಕನಸು' 1994ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೀತು. ಕೊಟ್ರೇಶಿ ಪಾತ್ರ ಮಾಡಿದ ಹುಡುಗನಿಗೆ ಅತ್ಯುತ್ತಮ ಬಾಲನಟ ಪ್ರಶಸ್ತಿ ಬಂತು. ಆ ಹುಡುಗ ಯಾರು ಗೊತ್ತಾ? ನೀವೆಲ್ಲ ಟಿವಿಲಿ ನೋಡಿರೋ ವಿಜಯ್ ರಾಘವೇಂದ್ರ.

ನಾಗಮಂಗಲದ ಮೇಷ್ಟ್ರಿಗೆ ಕೊಟ್ಟೂರಿನ ಹುಡುಗ ಅರ್ಥ ಆಗಿದ್ದು ಹೇಗೆ? ನನ್ನ ಲೆಕ್ಕ ಏನಪ್ಪಾ ಅಂದ್ರೆ, ಮೇಷ್ಟ್ರಾದವರಿಗೆ ಫೀಸ್ ಕಟ್ಟೋಕೆ ಆಗದೆ ಕೊನೇ ಬೆಂಚಲ್ಲಿ ತಲೆ ತಗ್ಗಿಸಿ ಕೂತಿರೋ ಹುಡುಗನ ಮುಖ ಎಲ್ಲಿ ನೋಡಿದ್ರೂ ಗುರುತು ಸಿಗುತ್ತೆ.

ಭಾಗ 5/7

ಆಮೇಲೆ ಬಂದಿದ್ದು 'ಅಮೆರಿಕಾ ಅಮೆರಿಕಾ'. 1996ನೇ ಸಾಲಿನ ರಾಷ್ಟ್ರಪ್ರಶಸ್ತಿ ಇದಕ್ಕೂ ಬಂತು. ಹಾಡುಗಳನ್ನ ನೀವು ರೀಲ್ಸಲ್ಲಿ ಕೇಳೇ ಇರ್ತೀರಿ. ಮ್ಯೂಸಿಕ್ ಮನೋಮೂರ್ತಿ, ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಕನ್ನಡಿಗ.

ಬರೆಯೋ ಆಸೆ ಇರೋರು ಎರಡು ವಿಷಯ ಗಮನಿಸಿ.

ಒಂದು, ಹೆಸರುಗಳು. ಊರಲ್ಲೇ ಉಳಿಯೋನು ಸೂರ್ಯ. ಅಮೆರಿಕಕ್ಕೆ ಹೋಗೋನು ಶಶಾಂಕ, ಅಂದ್ರೆ ಚಂದ್ರ. ಇಬ್ಬರ ನಡುವೆ ಇರೋಳು ಭೂಮಿಕಾ. ಯಾವ ಪಾತ್ರನೂ ಬಾಯಿಬಿಟ್ಟು ಹೇಳದೇ ಇದ್ರೂ ಕಥೆಯ ನಕ್ಷೆ ಹೆಸರಲ್ಲೇ ಇದೆ.

ಎರಡು, ಒಂದು ಹಾಡಿಗೆ ಗೋಪಾಲಕೃಷ್ಣ ಅಡಿಗರ ಕವಿತೆಯನ್ನೇ ಬಳಸಿದ್ದಾರೆ. ಎಂ.ಎ. ಕ್ಲಾಸಲ್ಲಿ ಓದೋ ಕವಿತೆ ಆಟೋ ಸ್ಟ್ಯಾಂಡಲ್ಲಿ ಕೇಳಿಸ್ತು. ಎಷ್ಟು ಪಾಠ ಮಾಡಿದ್ರೆ ಅಷ್ಟು ಜನಕ್ಕೆ ಒಂದು ಕವಿತೆ ತಲುಪಿಸೋಕಾಗುತ್ತೆ ಹೇಳಿ?

ಮುಂದಿನ ಲಿಸ್ಟ್ ಉದ್ದ ಇದೆ: 'ನನ್ನ ಪ್ರೀತಿಯ ಹುಡುಗಿ' (2001), 'ಪ್ಯಾರಿಸ್ ಪ್ರಣಯ' (2003), 'ಅಮೃತಧಾರೆ' (2005), 'ಮಾತಾಡ್ ಮಾತಾಡು ಮಲ್ಲಿಗೆ' (2007). ಕೊನೇದ್ರಲ್ಲಿ ವಿಷ್ಣುವರ್ಧನ್ ಹೂ ಬೆಳೆಯೋ ರೈತ, ಎದುರಿಗೆ ಗಣಿಗಾರಿಕೆ. 2009ರಲ್ಲಿ 'ಒಲವೇ ಜೀವನ ಲೆಕ್ಕಾಚಾರ', ಟೈಟಲ್ ನೋಡಿ ನಾವು ಬಿ.ಕಾಂನವರು ಖುಷಿಪಡಬೇಕು.

ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಅವರು ಯೂನಿವರ್ಸಿಟಿ ಕೆಲಸ ಬಿಟ್ಟರು. ನಮ್ಮಪ್ಪನಿಗೆ ಇದನ್ನ ಹೇಳಿದ್ರೆ "ಪರ್ಮನೆಂಟ್ ಕೆಲಸ ಬಿಟ್ಟನಾ?" ಅಂತ ಊಟ ನಿಲ್ಲಿಸಿಬಿಟ್ರು. ಆದರೆ ಇಸವಿಗಳನ್ನ ಇನ್ನೊಂದು ಸಲ ನೋಡಿ. ಕೆಲಸ ಬಿಟ್ಟು ಬರೆಯೋಕೆ ಶುರು ಮಾಡಿದ್ದಲ್ಲ. ಕೆಲಸದಲ್ಲಿ ಇದ್ಕೊಂಡೇ ಬರೆದರು, ಮೊದಲ ಸಿನಿಮಾಗಳನ್ನ ಮಾಡಿದರು, ಬಿಟ್ಟಿದ್ದು ಆಮೇಲೆ. ಈ ಆರ್ಡರ್ ಬಗ್ಗೆ ಯಾವ ಮೋಟಿವೇಶನ್ ವಿಡಿಯೋನೂ ನಮಗೆ ಹೇಳಲ್ಲ.

ಭಾಗ 6/7

ಕೆಲಸ ಬಿಟ್ಟರೂ ಮೇಷ್ಟ್ರತನ ಬಿಡಲಿಲ್ಲ. ಬೆಂಗಳೂರಲ್ಲಿ ಸಿನಿಮಾ ಕಲಿಸೋ ಶಾಲೆ ಶುರು ಮಾಡಿದರು. ಹೆಸರು 'ಟೆಂಟ್ ಸಿನಿಮಾ'.

ಟೆಂಟ್ ಅಂದ್ರೆ ನಮ್ಮ ವಯಸ್ಸಿನವರಿಗೆ ಗೊತ್ತಿಲ್ಲ. ಅವ್ವನ್ನ ಕೇಳಿ. ಸಂಜೆ ಮೈಕಲ್ಲಿ ದೇವರ ಹಾಡು ಹಾಕ್ತಿದ್ರು, ಅದು ಕೇಳಿದ್ರೆ ಆಟ ಶುರು ಆಗೋ ಹೊತ್ತು ಅಂತ ಅರ್ಥ. ನೆಲಕ್ಕೆ ಒಂದು ರೇಟು, ಬೆಂಚಿಗೆ ಒಂದು, ಕುರ್ಚಿಗೆ ಒಂದು. ಮರಳು ಗುಡ್ಡೆ ಮಾಡ್ಕೊಂಡು ಅದರ ಮೇಲೆ ಕೂತರೆ ಕುರ್ಚಿಯವರಿಗಿಂತ ಎತ್ತರ. ಹಳ್ಳಿ ಜನ ಸಿನಿಮಾ ನೋಡಿದ ಜಾಗದ ಹೆಸರನ್ನೇ ಸಿನಿಮಾ ಕಲಿಯೋ ಜಾಗಕ್ಕೆ ಇಟ್ಟಿದ್ದಾರೆ.

ಅವರ ಸ್ವಂತ ಊರಲ್ಲಿ ನಡೆಯೋ 'ನಾಗತಿಹಳ್ಳಿ ಸಂಸ್ಕೃತಿ ಹಬ್ಬ'ವೂ ಇದೇ ಸಾಲಿಗೆ ಸೇರಿದ್ದು. ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಅಧ್ಯಕ್ಷರಾಗಿದ್ದರು.

ಬರೆಯೋದನ್ನ ಕಲಿಸೋಕೆ ಆಗುತ್ತಾ ಅನ್ನೋದು ಹಳೇ ಜಗಳ. ಅಮೆರಿಕದಲ್ಲಿ ಸಿಡ್ ಫೀಲ್ಡ್ ಅನ್ನೋರು 1979ರಲ್ಲಿ ಚಿತ್ರಕಥೆ ಬಗ್ಗೆ ಪುಸ್ತಕ ಬರೆದರು. ಒಂದು ಪುಟಕ್ಕೆ ಒಂದು ನಿಮಿಷ, ಕಥೆಗೆ ಮೂರು ಭಾಗ, ಎಲ್ಲಿ ತಿರುವು ಬರಬೇಕು, ಹೀಗೆ. ಇವತ್ತು ಆನ್‌ಲೈನಲ್ಲಿ ಮಾರೋ ಕೋರ್ಸ್‌ಗಳಲ್ಲಿ ಎಷ್ಟೋ ಅದರದ್ದೇ ಜೆರಾಕ್ಸ್.

ಅಂಥದ್ದೊಂದು ಜೆರಾಕ್ಸ್ ನಾನೂ ಕೊಂಡಿದ್ದೆ. 30 ದಿನದಲ್ಲಿ ಸ್ಕ್ರಿಪ್ಟ್ ರೈಟರ್ ಆಗಿ ಅಂತ ಆ್ಯಡ್ ಬಂತು, ರಜೆಯಲ್ಲಿ ಅಂಗಡಿ ಬಿಲ್ ಬರೆದು ಕೂಡಿಟ್ಟಿದ್ದ 1,499 ರೂಪಾಯಿ ಕಟ್ಟಿದೆ. 12 ಪಿ.ಡಿ.ಎಫ್. ಬಂದವು. ಎಲ್ಲಾ ಓದಿದೆ. ಒಂದು ಶಾರ್ಟ್ ಫಿಲ್ಮ್ ಬರೆದು ಕಳಿಸಿದೆ. ಉತ್ತರ ಬಂತು: "ಗುಡ್ ಎಫರ್ಟ್. ನಮ್ಮ ಅಡ್ವಾನ್ಸ್ಡ್ ಕೋರ್ಸಿಗೆ ಸೇರಿ." ಅಷ್ಟೇ. ಒಂದು ಸಾಲಿನ ಕೆಳಗೂ ಗೆರೆ ಎಳೆದಿರಲಿಲ್ಲ. ಯಾರೂ ಓದಿರಲಿಲ್ಲ ಅನ್ಸುತ್ತೆ. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು ಮಾಡ್ತು. ಮನೇಲಿ ಇನ್ನೂ ಹೇಳಿಲ್ಲ, ಅಪ್ಪ ಇನ್‌ಸ್ಟಾದಲ್ಲಿಲ್ಲ ಅನ್ನೋ ಧೈರ್ಯದ ಮೇಲೆ ಇಲ್ಲಿ ಬರೀತಿದ್ದೀನಿ.

ಭಾಗ 7/7

ಎರಡನೇ ಭಾಗದ ಪ್ರಶ್ನೆ ನೆನಪಿದೆಯಾ? ಹಳ್ಳಿಯ ಹುಡುಗ ಹುಡುಗಿ ಎಲ್ಲಿ ಕಲೀಬೇಕು?

ಇಷ್ಟೆಲ್ಲ ಓದಿದ ಮೇಲೆ ನನಗೆ ಸಿಕ್ಕ ಉತ್ತರ ಸಣ್ಣದು. ನಾಟಕ ಕಂಪನಿ, ಕನ್ನಡ ವಿಭಾಗ, ಟೆಂಟ್ ಸಿನಿಮಾ, ಈ ಮೂರಕ್ಕೂ ಸಾಮಾನ್ಯವಾದದ್ದು ಒಂದೇ. ನೀನು ಬರೆದಿದ್ದನ್ನ ಇನ್ನೊಬ್ಬರು ನಿನ್ನ ಎದುರಿಗೇ ಓದ್ತಾರೆ ಅಥವಾ ಕೇಳ್ತಾರೆ, ಎಲ್ಲಿ ಬೇಜಾರಾಯ್ತು ಅಂತ ಹೇಳ್ತಾರೆ, ನೀನು ಮತ್ತೆ ಬರೀತೀಯ. ನಿಯಮ ಪಿ.ಡಿ.ಎಫ್.ನಲ್ಲಿ ಸಿಗುತ್ತೆ. ಓದೋ ಮನುಷ್ಯ ಸಿಗಲ್ಲ. ಒಳ್ಳೆ ಮೇಷ್ಟ್ರು ಮಾಡೋ ಕೆಲಸದಲ್ಲಿ ಮುಕ್ಕಾಲು ಪಾಲು ಓದೋದೇ.

ನಾನು ಬೆಂಗಳೂರಿಗೆ ಹೋಗಿ ಸೇರ್ತೀನಿ ಅಂತ ಹೇಳ್ತಿಲ್ಲ. ಅಪ್ಪ ಬ್ಯಾಂಕ್ ಎಕ್ಸಾಂ ಬರಿ ಅಂದಿದ್ದಾರೆ, ಬರೀತೀನಿ. ಶೇಂಗಾ ರೇಟು ಬಿದ್ದ ವರ್ಷ ಅವರ ಮುಖ ನೋಡಿರೋಳು ನಾನು, ಅವರ ಮಾತು ತಪ್ಪು ಅಂತ ಹೆಂಗೆ ಹೇಳ್ಲಿ? ಆದರೆ ಮೇಷ್ಟ್ರ ಆರ್ಡರ್ ನೆನಪಿದೆ. ಕೆಲಸ ಇದ್ಕೊಂಡೇ ಬರೆಯಬಹುದು.

ನಮ್ಮ ಕಡೆ ಕಥೆಗೆ ಬರ ಇದೆಯಾ? ಮಳೆಗೆ ಬರ, ಕಥೆಗಲ್ಲ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆ ನೀರು ತುಂಬಿಸೋ ಯೋಜನೆಗೆ ನಮ್ಮ ಹಿರಿಯರು ಎಷ್ಟು ವರ್ಷ ಹೋರಾಡಿದರು. ಒಣಗಿದ ಕೆರೆಯಲ್ಲಿ ಕ್ರಿಕೆಟ್ ಆಡಿದ ಹುಡುಗರು, ಅದೇ ಕೆರೆಗೆ ನೀರು ಬಂದ ದಿನ ಎಲ್ಲಿ ನಿಂತಿದ್ದರು, ಕೈಯಲ್ಲಿ ಏನಿತ್ತು? ಇದನ್ನ ಬೇರೆ ಊರಿನವರು ಬಂದು ಬರೀಬೇಕಾ? ಕೊಟ್ರೇಶಿ ಕಥೆ ನಾಗಮಂಗಲದವರ ಕಣ್ಣಿಗೆ ಬಿದ್ದಿದ್ದು ಕೊಟ್ಟೂರಿನ ಒಬ್ಬರು ಮೊದಲು ಅದನ್ನ ಕಾಗದದ ಮೇಲೆ ಇಟ್ಟಿದ್ದಕ್ಕೆ.

ಅದಕ್ಕೆ ನಿಮ್ಮನ್ನ ಕೇಳೋದು ಇಷ್ಟು. ಒಂದು ಪುಟ ಬರೀರಿ. ಒಂದೇ ದೃಶ್ಯ, ನಿಮ್ಮ ಊರಿನದ್ದು. "ಅವನಿಗೆ ಬೇಜಾರಾಯ್ತು" ಅಂತ ಬರೆಯೋ ಹಾಗಿಲ್ಲ, ಬೇಜಾರಾದವನು ಏನು ಮಾಡಿದ ಅಂತ ಬರೀರಿ. ನನಗೆ ಮೆಸೇಜ್ ಮಾಡಿ. ಮೂರು ಜನ ಸಿಕ್ಕರೂ ಸಾಕು, ಭಾನುವಾರ ಒಂದು ಕಡೆ ಕೂತು ಒಬ್ಬರದ್ದು ಒಬ್ಬರು ಓದೋಣ. ಫೀಸ್ ಇಲ್ಲ, ಸರ್ಟಿಫಿಕೇಟೂ ಇಲ್ಲ, ಟೀ ಅವರವರ ಖರ್ಚು. ಪ್ರತಿ ಸಾಲಿನ ಕೆಳಗೆ ಗೆರೆ ಎಳೆಯೋ ಜವಾಬ್ದಾರಿ ನಂದು.

ನನ್ನ ಶಾರ್ಟ್ ಫಿಲ್ಮ್ ಸ್ಕ್ರಿಪ್ಟ್ ಮೊದಲು ಓದ್ತೀನಿ. ನಗಬಹುದು, ಆದ್ರೆ ಎಲ್ಲಿ ನಗು ಬಂತು ಅಂತ ಹೇಳಬೇಕು.

#ಬಿಳಿಚೋಡು #ಜಗಳೂರು #ಕೊಟ್ರೇಶಿಕನಸು #ನಾಗತಿಹಳ್ಳಿಮೇಷ್ಟ್ರು #ಒಂದುಪುಟಬರೀರಿ