ತಂತ್ರಾಂಶ ಅಗತ್ಯಗಳ ಸಂಗ್ರಹಣೆ: ವಿಧಾನದ ಆಯ್ಕೆ

ತಂತ್ರಾಂಶ ಅಗತ್ಯಗಳ ಸಂಗ್ರಹಣೆ ಎಂದರೆ, ಒಂದು ತಂತ್ರಾಂಶವು ಯಾರಿಗಾಗಿ, ಯಾವ ಕಾರ್ಯವನ್ನು, ಎಂತಹ ನಿಬಂಧನೆಗಳಿಗೆ ಒಳಪಟ್ಟು ನೆರವೇರಿಸಬೇಕೆಂಬುದನ್ನು ಅರಿತು ದಾಖಲಿಸುವ ಕಾರ್ಯ. ಇದಕ್ಕೆ ಹಲವು ವಿಧಾನಗಳಿದ್ದು, ಯಾವುದೇ ಒಂದು ವಿಧಾನವು ಎಲ್ಲ ಯೋಜನೆಗಳಿಗೂ ಒಗ್ಗುವುದಿಲ್ಲ.

ಪ್ರಮುಖ ವಿಧಾನಗಳು

ಅಗತ್ಯಗಳ ವಿವರಣಾ ಪತ್ರ: ತಂತ್ರಾಂಶವು ಮಾಡತಕ್ಕದ್ದನ್ನೆಲ್ಲ ಕ್ರಮಸಂಖ್ಯೆ ಸಹಿತ ವಾಕ್ಯಗಳಲ್ಲಿ ಬರೆದಿಡುವ ಪದ್ಧತಿ. ಇದರ ರೂಪವನ್ನು ಸೂಚಿಸುವ ಐಇಇಇ 830 ಮಾರ್ಗಸೂಚಿಯು 1984ರಲ್ಲಿ ಮೊದಲು ಪ್ರಕಟವಾಯಿತು. 2011ರಲ್ಲಿ ಐಎಸ್‌ಒ/ಐಇಸಿ/ಐಇಇಇ 29148 ಮಾನಕವು ಅದರ ಸ್ಥಾನಕ್ಕೆ ಬಂದಿತು.

ಯೂಸ್ ಕೇಸ್ ಅಥವಾ ಬಳಕೆಯ ಪ್ರಸಂಗ: ಸ್ವೀಡನ್ನಿನ ಐವರ್ ಜೇಕಬ್ಸನ್ 1987ರಲ್ಲಿ ಪ್ರಕಟಪಡಿಸಿದ ವಿಧಾನ. ಬಳಕೆದಾರನಿಗೂ ವ್ಯವಸ್ಥೆಗೂ ನಡೆಯುವ ವ್ಯವಹಾರವನ್ನು ಹಂತಹಂತವಾಗಿ ಬರೆಯಲಾಗುತ್ತದೆ. ಉದಾಹರಣೆಗೆ, ಗ್ರಂಥಾಲಯದ ಸದಸ್ಯನು ಪುಸ್ತಕ ಕೇಳುವುದು, ಪುಸ್ತಕವು ಬೇರೊಬ್ಬರ ಬಳಿ ಇರುವುದು, ಆಗ ಅವನ ಹೆಸರನ್ನು ಸರದಿಯಲ್ಲಿ ಸೇರಿಸುವುದು. ಸಹಜ ಹಾದಿಯ ಜೊತೆಗೆ ಅಡೆತಡೆಗಳನ್ನೂ ಯೋಚಿಸುವಂತೆ ಮಾಡುವುದು ಇದರ ಗುಣ.

ಯೂಸರ್ ಸ್ಟೋರಿ ಅಥವಾ ಬಳಕೆದಾರರ ಕಥೆ: ಕೆಂಟ್ ಬೆಕ್ ಅವರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯೊಡನೆ 1990ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ಬಂದಿತು. ಒಂದು ಚಿಕ್ಕ ಕಾರ್ಡಿನಲ್ಲಿ ಒಂದು ಅಗತ್ಯವನ್ನು ಬರೆಯಲಾಗುತ್ತದೆ: ‘ಸದಸ್ಯನಾಗಿ ನಾನು ಪುಸ್ತಕವನ್ನು ಮನೆಯಿಂದಲೇ ಕಾಯ್ದಿರಿಸಬೇಕು, ಅದರಿಂದ ವೃಥಾ ಓಡಾಟ ತಪ್ಪುತ್ತದೆ.’ ಕಾರ್ಡು, ಸಂಭಾಷಣೆ, ದೃಢೀಕರಣ ಇವು ಮೂರೂ ಕೂಡಿದರೆ ಮಾತ್ರ ಕಥೆ ಪೂರ್ಣವೆಂದು ರಾನ್ ಜೆಫ್ರೀಸ್ 2001ರಲ್ಲಿ ವಿವರಿಸಿದರು.

ಮಾದರಿ ತಯಾರಿಕೆ: ಬಳಕೆದಾರರು ತಮ್ಮ ಅಗತ್ಯವನ್ನು ಮಾತಿನಲ್ಲಿ ಹೇಳಲಾರದಾಗ, ಪರದೆಗಳ ಕಚ್ಚಾ ರೂಪವನ್ನು ತೋರಿಸಿ ಅಭಿಪ್ರಾಯ ಪಡೆಯುವ ಕ್ರಮ.

ಆಯ್ಕೆಯ ಮಾನದಂಡಗಳು

ತಪ್ಪಿನಿಂದ ಪ್ರಾಣಹಾನಿ ಸಂಭವಿಸಬಹುದಾದ ವೈದ್ಯಕೀಯ ಅಥವಾ ವಿಮಾನಯಾನ ತಂತ್ರಾಂಶಗಳಿಗೆ, ಹಾಗೂ ಕರಾರಿನ ಮೂಲಕ ಹೊರಗಿನವರಿಂದ ಮಾಡಿಸುವ ಕೆಲಸಗಳಿಗೆ ವಿವರಣಾ ಪತ್ರವು ಅವಶ್ಯಕ. ಅಗತ್ಯಗಳು ಪದೇಪದೇ ಬದಲಾಗುತ್ತಿದ್ದು, ಬಳಕೆದಾರರು ನಿತ್ಯವೂ ಮಾತುಕತೆಗೆ ದೊರೆಯುವಂತಿದ್ದರೆ ಕಥೆಗಳು ಸಾಕು. ಅವರು ದೊರೆಯದಿದ್ದಲ್ಲಿ ಕಾರ್ಡಿನ ಒಂದು ವಾಕ್ಯವು ಅನೇಕ ಅರ್ಥಗಳಿಗೆ ಎಡೆಗೊಡುತ್ತದೆ. ಕಾರ್ಯವಿಧಾನದಲ್ಲಿ ಕವಲುಗಳು ಹೆಚ್ಚಿದ್ದರೆ ಯೂಸ್ ಕೇಸ್ ಅನುಕೂಲಕರ. ದೊಡ್ಡ ಯೋಜನೆಗಳಲ್ಲಿ ಇವುಗಳನ್ನು ಬೆರೆಸಿ ಬಳಸುವುದೂ ಉಂಟು.

ಲಂಡನ್ ಆಂಬುಲೆನ್ಸ್ ಪ್ರಕರಣ

ವಿಧಾನ ಯಾವುದೇ ಆದರೂ ಬಳಸುವವರ ದನಿ ಅದರಲ್ಲಿ ಇರಬೇಕೆಂಬುದಕ್ಕೆ ಈ ಪ್ರಕರಣವು ನಿದರ್ಶನ. ಲಂಡನ್ ಆಂಬುಲೆನ್ಸ್ ಸೇವೆಯು 1992ರ ಅಕ್ಟೋಬರ್ 26ರಂದು ವಾಹನಗಳನ್ನು ಕಳುಹಿಸಲು ಗಣಕೀಕೃತ ವ್ಯವಸ್ಥೆಯನ್ನು ಜಾರಿಗೆ ತಂದಿತು. ವಾಹನಗಳ ಸ್ಥಾನ ಮತ್ತು ಸ್ಥಿತಿಯ ಮಾಹಿತಿ ಸದಾ ನಿಖರವಾಗಿರುತ್ತದೆಂಬ ಎಣಿಕೆಯ ಮೇಲೆ ಅದು ನಿಂತಿತ್ತು. ಆ ಎಣಿಕೆ ತಪ್ಪಿದಾಗ ಎಚ್ಚರಿಕೆಯ ಸಂದೇಶಗಳು ರಾಶಿಬಿದ್ದು, ತುರ್ತು ಕರೆಗಳಿಗೆ ಸ್ಪಂದನೆ ವಿಳಂಬವಾಯಿತು. ಮರುದಿನವೇ ಸಿಬ್ಬಂದಿಯು ಭಾಗಶಃ ಹಳೆಯ ಕ್ರಮಕ್ಕೆ ಮರಳಬೇಕಾಯಿತು. 1993ರ ಫೆಬ್ರವರಿಯ ವಿಚಾರಣಾ ವರದಿಯು ಹಲವು ಕಾರಣಗಳನ್ನು ಗುರುತಿಸಿತು. ಅಗತ್ಯಗಳ ಪತ್ರವು ಬಹು ವಿವರವಾಗಿಯೇ ಇತ್ತು. ಆದರೆ ಅದನ್ನು ಸಿದ್ಧಪಡಿಸುವಾಗ ಆಂಬುಲೆನ್ಸ್ ಸಿಬ್ಬಂದಿಯ ಪಾಲು ಅತ್ಯಲ್ಪವಾಗಿತ್ತು.