ದಿನಕ್ಕೊಂದು ಗ್ಲಾಸ್ ವೈನ್ ಹೃದಯಕ್ಕೆ ಒಳ್ಳೆಯದೇ? ಯಾವ ಊಟಕ್ಕೆ ಯಾವ ವೈನ್? ಫಾರ್ವರ್ಡ್ ಸಂದೇಶಗಳಲ್ಲಿ ನಿಜವೆಷ್ಟು?

‘ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ವೈನ್’, ‘ವೈನ್ ಹಳೆಯದಾದಷ್ಟೂ ರುಚಿ ಹೆಚ್ಚು’, ‘ದಿನಕ್ಕೊಂದು ಗ್ಲಾಸ್ ಕೆಂಪು ವೈನ್ ಕುಡಿದರೆ ಹೃದಯಾಘಾತ ಆಗುವುದಿಲ್ಲ’. ವೈನ್ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶಗಳಲ್ಲಿ ಈ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಹೆಚ್ಚಿನ ಬಾಟಲಿಗಳಿಗೆ ಅನ್ವಯಿಸುವುದಿಲ್ಲ. ಮೂರನೆಯದನ್ನು ನಂಬುವುದು ಅಪಾಯ. ಒಂದೊಂದಾಗಿ ನೋಡೋಣ.

ಕೆಂಪು, ಬಿಳಿ ವ್ಯತ್ಯಾಸ ಏನು?

ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಆಲ್ಕೋಹಾಲ್ ಆಗಿ ಬದಲಿಸಿದಾಗ ವೈನ್ ಆಗುತ್ತದೆ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು ವೈನ್. ಸಿಪ್ಪೆ ಬೇರ್ಪಡಿಸಿ ರಸವನ್ನು ಮಾತ್ರ ಹುದುಗಿಸಿದರೆ ಸಾಮಾನ್ಯವಾಗಿ ಬಿಳಿ ವೈನ್. ಸಿಪ್ಪೆ ಮತ್ತು ಬೀಜದಿಂದ ಬಣ್ಣದ ಜೊತೆಗೆ ಟ್ಯಾನಿನ್ ಎಂಬ ಅಂಶವೂ ಇಳಿಯುತ್ತದೆ. ಇದು ನಮಗೆ ಹೊಸದಲ್ಲ. ಅಡಿಕೆ, ಬಾಳೆಕಾಯಿ ಬಾಯಿಗೆ ಒಗರಾಗುವುದೂ ಟ್ಯಾನಿನ್‌ನಿಂದಲೇ. ಅದು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ನಾಲಿಗೆ ಒಣಗಿದಂತೆ ಆಗುತ್ತದೆ.

ಊರು ಬದಲಾದರೆ ರುಚಿ ಏಕೆ ಬದಲಾಗುತ್ತದೆ?

ಚಳಿ ಪ್ರದೇಶದ ದ್ರಾಕ್ಷಿಯಲ್ಲಿ ಹುಳಿ ಹೆಚ್ಚು ಉಳಿಯುತ್ತದೆ, ಬಿಸಿಲಿನ ಪ್ರದೇಶದ್ದರಲ್ಲಿ ಸಕ್ಕರೆ ಹೆಚ್ಚುತ್ತದೆ. ಸಕ್ಕರೆ ಹೆಚ್ಚಿದ್ದರೆ ಆಲ್ಕೋಹಾಲ್ ಕೂಡ ಹೆಚ್ಚಬಹುದು. ಜರ್ಮನಿಯ ಮೋಸೆಲ್ ನದಿಯ ಕಡಿದಾದ ಇಳಿಜಾರುಗಳಲ್ಲಿ ಬೆಳೆಯುವ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್ ಹುಳಿಯಾಗಿರುತ್ತದೆ. ಹಲವು ಬಾಟಲಿಗಳಲ್ಲಿ ತುಸು ಸಿಹಿಯೂ ಇರುತ್ತದೆ, ಆಲ್ಕೋಹಾಲ್ ಶೇ 8–9ರಷ್ಟು ಮಾತ್ರ. ಫ್ರಾನ್ಸ್‌ನ ಬೋರ್ಡೋ ಪ್ರದೇಶದ ಕ್ಯಾಬರ್ನೆ ಸಾವಿನ್ಯೋನ್ ದ್ರಾಕ್ಷಿಯ ಸಿಪ್ಪೆ ದಪ್ಪ, ಹಾಗಾಗಿ ಅದರ ಕೆಂಪು ವೈನ್‌ನಲ್ಲಿ ಒಗರು ಎದ್ದು ಕಾಣುತ್ತದೆ.

ನಮ್ಮ ನಂದಿ ಬೆಟ್ಟದ ಸುತ್ತಲೂ ವೈನ್ ದ್ರಾಕ್ಷಿ ತೋಟಗಳಿವೆ. ಫ್ರಾನ್ಸ್‌ನಲ್ಲಿ ಚಳಿಗಾಲಕ್ಕೆ ಮುಂಚೆ, ಸೆಪ್ಟೆಂಬರ್ ಆಸುಪಾಸಿನಲ್ಲಿ ಕೊಯ್ಲು ನಡೆದರೆ, ಇಲ್ಲಿ ಮಳೆಗಾಲ ಮುಗಿದ ಮೇಲೆ ಬಳ್ಳಿ ಸವರಿ ಬೇಸಿಗೆಯ ಹೊತ್ತಿಗೆ ಕೊಯ್ಲು ಮಾಡುತ್ತಾರೆ. ಜಿಐ ಟ್ಯಾಗ್ ಪಡೆದಿರುವ ಬೆಂಗಳೂರು ಬ್ಲೂ ದ್ರಾಕ್ಷಿಯೂ ಇದೇ ಭಾಗದ್ದು. ಅದನ್ನು ತಿನ್ನಲು ಮತ್ತು ಜ್ಯೂಸ್‌ಗೆ ಬಳಸುವಂತೆ ಸಿಹಿ ವೈನ್‌ಗೂ ಬಳಸುತ್ತಾರೆ.

ಮಾತು 1: ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು
ಅರ್ಧ ನಿಜ.

ಮಾಂಸದ ಪ್ರೋಟೀನ್ ಮತ್ತು ಕೊಬ್ಬು ಒಗರನ್ನು ತಗ್ಗಿಸುತ್ತವೆ. ಹಾಗಾಗಿ ಕುರಿಮಾಂಸದ ಜೊತೆ ಒಗರಾದ ಕೆಂಪು ವೈನ್ ಹಿತವೆನಿಸುತ್ತದೆ. ಕೆಂಪು ವೈನ್ ಜೊತೆ ಮೀನು ತಿಂದಾಗ ಕೆಲವೊಮ್ಮೆ ಬಾಯಲ್ಲಿ ಮೀನಿನ ವಾಸನೆ ಉಳಿಯುವುದೂ ನಿಜ. ಆದರೆ ಇದಕ್ಕೆ ಬಣ್ಣ ಕಾರಣವಲ್ಲ. 2009ರಲ್ಲಿ ಜಪಾನಿನ ಸಂಶೋಧಕರು ಹತ್ತಾರು ವೈನ್‌ಗಳನ್ನು ಚಿಪ್ಪುಮೀನಿನ ಜೊತೆ ರುಚಿ ನೋಡಿಸಿದಾಗ, ಕಬ್ಬಿಣದ ಅಂಶ ಹೆಚ್ಚಿದ್ದ ವೈನ್‌ಗಳಲ್ಲಿ ಈ ವಾಸನೆ ಹೆಚ್ಚಿತ್ತು. ಕಬ್ಬಿಣ ಕಡಿಮೆ ಇರುವ ಕೆಂಪು ವೈನ್ ಮೀನಿನ ಜೊತೆ ಹೊಂದಬಹುದು.

ನಮ್ಮ ಊಟಕ್ಕೆ ಬಣ್ಣಕ್ಕಿಂತ ಖಾರ ಮುಖ್ಯ. ಮೆಣಸಿನಕಾಯಿಯ ಉರಿ ಯಾವ ನರತುದಿಗಳನ್ನು ಕೆರಳಿಸುತ್ತದೋ ಆಲ್ಕೋಹಾಲ್ ಕೂಡ ಅವನ್ನೇ ಕೆರಳಿಸುತ್ತದೆ. ನಾಟಿ ಕೋಳಿ ಸಾರಿನ ಜೊತೆ ಆಲ್ಕೋಹಾಲ್ ಹೆಚ್ಚಿರುವ, ಒಗರಾದ ವೈನ್ ಕುಡಿದರೆ ಖಾರ ಇನ್ನಷ್ಟು ಏರುತ್ತದೆ. ತಣ್ಣಗಿನ, ತುಸು ಸಿಹಿಯಾದ, ಆಲ್ಕೋಹಾಲ್ ಕಡಿಮೆ ಇರುವ ಬಿಳಿ ವೈನ್ ಇಂಥ ಊಟಕ್ಕೆ ಹೊಂದುತ್ತದೆ.

ಮಾತು 2: ಹಳೆಯದಾದಷ್ಟೂ ರುಚಿ
ಹೆಚ್ಚಿನ ಬಾಟಲಿಗಳಿಗೆ ಅನ್ವಯಿಸುವುದಿಲ್ಲ.

ಒಗರು, ಹುಳಿ ಅಥವಾ ಸಿಹಿ ಚೆನ್ನಾಗಿರುವ ಕೆಲವೇ ವೈನ್‌ಗಳು ವರ್ಷಗಳು ಕಳೆದಂತೆ ಹದವಾಗುತ್ತವೆ. ಅಂಗಡಿಯಲ್ಲಿ ಸಿಗುವ ಬಹುಪಾಲು ವೈನ್‌ಗಳು ಕೆಲವು ವರ್ಷಗಳೊಳಗೆ ಕುಡಿಯಲೆಂದೇ ತಯಾರಾದವು. ಅಡುಗೆಮನೆಯ ಶಾಖದಲ್ಲಿಟ್ಟರೆ ಇನ್ನೂ ಬೇಗ ಕೆಡುತ್ತವೆ. ಮುಚ್ಚಳ ತೆಗೆದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟರೂ ಕೆಲವು ದಿನಗಳಲ್ಲಿ ರುಚಿ ಹೋಗುತ್ತದೆ.

ಮಾತು 3: ದಿನಕ್ಕೊಂದು ಗ್ಲಾಸ್ ಹೃದಯಕ್ಕೆ ಒಳ್ಳೆಯದು
ನಂಬಬೇಡಿ.

ಫ್ರೆಂಚರು ಬೆಣ್ಣೆ, ಚೀಸ್ ಧಾರಾಳವಾಗಿ ತಿಂದರೂ ಅವರಲ್ಲಿ ಹೃದ್ರೋಗ ಕಡಿಮೆ, ಇದಕ್ಕೆ ವೈನ್ ಕಾರಣವಿರಬಹುದು ಎಂಬ ವಾದ 1990ರ ದಶಕದ ಆರಂಭದಲ್ಲಿ ಪ್ರಚಾರ ಪಡೆಯಿತು. ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ ಮತ್ತು ಸಹೋದ್ಯೋಗಿ ಬರೆದ ಪ್ರಬಂಧ 1992ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಇಂಥ ಹಲವು ಅಧ್ಯಯನಗಳಲ್ಲಿ ಒಂದು ತೊಡಕಿತ್ತು. ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆ ಬಂದ ಮೇಲೆ ಕುಡಿತ ಬಿಟ್ಟವರೂ ಸೇರಿದ್ದರು. ಅವರಿಗೆ ಹೋಲಿಸಿದಾಗ ಮಿತವಾಗಿ ಕುಡಿಯುವವರು ಹೆಚ್ಚು ಆರೋಗ್ಯವಂತರಂತೆ ಕಂಡರು. ಇನ್ನು ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ವೈನ್‌ನಲ್ಲಿರುವುದು ತೀರಾ ಅಲ್ಪ. ಪ್ರಯೋಗಾಲಯದಲ್ಲಿ ಬಳಸುವ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಜನವರಿ 2023ರಲ್ಲಿ ಹೇಳಿದೆ.

‘ವೈನ್ ಮದ್ಯವಲ್ಲ, ಹಣ್ಣಿನ ರಸ’ ಎನ್ನುವವರು ಈ ಲೆಕ್ಕ ನೋಡಿ. ಶೇ 12 ಆಲ್ಕೋಹಾಲ್ ಇರುವ 150 ಮಿ.ಲೀ. ವೈನ್‌ನಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ. ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ.

ನೆನಪಿಡಿ

• ವೈನ್ ಕುಡಿಯುವವರು ರುಚಿಗಾಗಿ, ಊಟದ ಜೊತೆ, ಸ್ವಲ್ಪವೇ ಕುಡಿಯಲಿ. ಔಷಧಿ ಎಂದು ಯಾರೂ ಶುರು ಮಾಡಬಾರದು.
• ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಲೇಬಾರದು. ಕುಡಿದ ಮೇಲೆ ವಾಹನ ಓಡಿಸಬಾರದು.
• ಬಿಪಿ, ಹೃದಯದ ಮಾತ್ರೆಗಳ ಬದಲು ವೈನ್ ಕುಡಿಯಿರಿ ಎನ್ನುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿ ಮಾತ್ರೆ ನಿಲ್ಲಿಸುವವರು ನಿಮ್ಮ ಮನೆಯ ಹಿರಿಯರೇ ಆಗಿರಬಹುದು.